ಆಟ ಆಡುವವನದ್ದೋ, ದುಡ್ಡು ಹಾಕಿದವನದ್ದೋ?

ತಿಂಗಳಿಗೊಮ್ಮೆಯಾದರೂ ನಾವು ಬರೆದು ಕಳಿಸುವ ಒಂದು ಸುದ್ದಿ ಇದೆ. ಇಸ್ಪೀಟ್ ಅಡ್ಡೆ ಮೇಲೆ ಪೊಲೀಸರ ದಾಳಿ, ಇಷ್ಟು ಮಂದಿ ಬಂಧನ, ಪಣಕ್ಕಿಟ್ಟಿದ್ದ ಇಷ್ಟು ನಗದು ವಶ, ಪ್ರಕರಣ ದಾಖಲು. ನಾಲ್ಕು ಸಾಲು, ಅಷ್ಟೇ. ಊರಿನ ಹೆಸರು ಬದಲಾಗುತ್ತದೆ, ಠಾಣೆಯ ಹೆಸರು ಬದಲಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಡೆಸ್ಕ್‌ನವರೂ ಅದನ್ನು ಓದದೆಯೇ ಪುಟಕ್ಕೆ ಹಾಕುತ್ತಾರೇನೋ ಎಂದು ನಮಗೆ ಅನುಮಾನ.

ಆ ನಾಲ್ಕು ಸಾಲಿನಲ್ಲಿ ಯಾವತ್ತೂ ಬಾರದ ಒಬ್ಬ ಮನುಷ್ಯ ಇದ್ದಾನೆ. ಅವನು ಎಲೆ ಮುಟ್ಟುವುದಿಲ್ಲ. ದಾಳಿಯ ಹೊತ್ತಿಗೆ ಅಲ್ಲಿರುವುದೂ ಇಲ್ಲ. ಆಡುವವನ ಜೇಬು ಖಾಲಿಯಾದಾಗ ಪಕ್ಕಕ್ಕೆ ಕರೆದು ದುಡ್ಡು ಕೊಟ್ಟವನು ಅವನು. ಆಡುವವನು ಗೆದ್ದರೂ ಅವನಿಗೆ ಪಾಲು, ಸೋತರೆ ಬಡ್ಡಿ.

ಆ ಮನುಷ್ಯನ ಮುಖವನ್ನು ಹತ್ತಿರದಿಂದ, ಬೆಳಕು ಬಿಟ್ಟು ತೋರಿಸುವ ಸಿನಿಮಾ ಒಂದಿದೆ. 1961ರದ್ದು, ಅಮೆರಿಕದ್ದು, ಕಪ್ಪು ಬಿಳುಪಿನದ್ದು. ಹೆಸರು 'ದಿ ಹಸ್ಲರ್'. ವಾಲ್ಟರ್ ಟೆವಿಸ್ ಎಂಬ ಲೇಖಕರು 1959ರಲ್ಲಿ ಬರೆದ ಕಾದಂಬರಿಯನ್ನು ರಾಬರ್ಟ್ ರಾಸನ್ ಸಿನಿಮಾ ಮಾಡಿದರು. ಪೂಲ್ ಆಡುವವರ ಕಥೆ. ಹಾನುಬಾಳಿನಲ್ಲಿ ಕೂತು ಫೋನ್‌ನಲ್ಲಿ ಓದುತ್ತಿರುವ ನಿಮಗೆ ಅರವತ್ತು ವರ್ಷ ಹಳೆಯ ಅಮೆರಿಕದ ಪೂಲ್ ಆಟದಿಂದ ಏನಾಗಬೇಕು ಎಂದು ಕೇಳಬಹುದು. ನಮ್ಮ ಪ್ರಕಾರ ಬಹಳ ಆಗಬೇಕು. ಸ್ವಲ್ಪ ತಾಳ್ಮೆ ಇರಲಿ.

ಮೊದಲು ಆಟದ ಬಗ್ಗೆ. ಪೂಲ್ ನೋಡಿಲ್ಲದಿದ್ದರೂ ಕ್ಯಾರಂ ಆಡದವರು ನಮ್ಮಲ್ಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಆಗಸ್ಟ್‌ವರೆಗೂ ನಮ್ಮ ಕಡೆ ಹುಡುಗರಿಗೆ ಅದೇ ಗತಿ. ಅಂಗಡಿ ಮುಂದಿನ ಶೀಟಿನಡಿ ಬೋರ್ಡು, ಮೇಲೊಂದು ಬಲ್ಬು, ಥಂಡಿಗೆ ಕಾಯಿ ಜಾರದೆ ಬೋರಿಕ್ ಪೌಡರ್ ಡಬ್ಬಿ ಖಾಲಿ. ಪೂಲ್ ಎಂದರೆ ಅದೇ ಲೆಕ್ಕ, ದೊಡ್ಡದಾಗಿ. ಹಸಿರು ಬಟ್ಟೆ ಹೊದಿಸಿದ ಮೇಜು, ಆರು ಗುಂಡಿ, ಸ್ಟ್ರೈಕರ್ ಬದಲು ಒಂದು ಬಿಳಿ ಚೆಂಡು, ಬೆರಳಿನ ಬದಲು ಉದ್ದನೆಯ ಕೋಲು. ಯಾವ ಚೆಂಡನ್ನು ಯಾವ ಗುಂಡಿಗೆ ಹಾಕುತ್ತೇನೆ ಎಂದು ಮೊದಲೇ ಹೇಳಿ ಹಾಕಬೇಕು. ಹಾಕಿದ ಮೇಲೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲಬೇಕು ಎಂಬುದನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕು. ಒಳ್ಳೆಯ ಕ್ಯಾರಂ ಆಟಗಾರನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಹಸ್ಲರ್ ಎಂದರೆ ಆಟ ಚೆನ್ನಾಗಿ ಬಂದರೂ ಬಾರದವನ ಹಾಗೆ ನಟಿಸುವವನು. ಊರೂರು ತಿರುಗುತ್ತಾನೆ, ಸಣ್ಣ ಮೊತ್ತಕ್ಕೆ ಸೋಲುತ್ತಾನೆ, ಎದುರಿನವನಿಗೆ ಆಸೆ ಹುಟ್ಟಿಸುತ್ತಾನೆ, ಪಣ ದೊಡ್ಡದಾದಾಗ ಹೊಡೆಯುತ್ತಾನೆ. ಜಾತ್ರೆಯಲ್ಲಿ ಮೂರು ಎಲೆ ಆಟ ಹೂಡುವವರನ್ನೂ, ಗುಂಪಿನೊಳಗೆ ನಿಂತು ಗೆದ್ದ ಹಾಗೆ ನಟಿಸುವ ಅವರದೇ ಕಡೆಯವನನ್ನೂ ಕಂಡವರಿಗೆ ಇದು ಹೊಸದಲ್ಲ. ಸಿನಿಮಾ ಶುರುವಾಗುವುದೇ ಹಾಗೆ. ಎಡ್ಡಿ ಎಂಬ ಯುವಕ, ಅವನ ಜತೆಗಾರ ಚಾರ್ಲಿ ಎಂಬ ವಯಸ್ಸಾದವನು, ದಾರಿಯಲ್ಲಿನ ಸಣ್ಣ ಊರೊಂದರ ಬಾರಿಗೆ ನುಗ್ಗುತ್ತಾರೆ. ಎಡ್ಡಿ ಕುಡಿದವನ ಹಾಗೆ ಆಡುತ್ತಾನೆ. ಒಂದು ಕಷ್ಟದ ಹೊಡೆತ ಅದೃಷ್ಟಕ್ಕೆ ಬಿದ್ದಂತೆ ಬೀಳಿಸುತ್ತಾನೆ. ಮತ್ತೊಮ್ಮೆ ಹೊಡೆದು ತೋರಿಸುತ್ತೇನೆ ಎಂದು ಪಣ ಕಟ್ಟಿ ಬೇಕೆಂದೇ ತಪ್ಪಿಸುತ್ತಾನೆ. ಆಮೇಲೆ ಬಾರಿನವನೇ ದುಡ್ಡು ತೆಗೆದಿಡುತ್ತಾನೆ, ಎಡ್ಡಿ ಚೆಂಡನ್ನು ಗುಂಡಿಗೆ ಇಳಿಸಿ ಹೊರಡುತ್ತಾನೆ.

ಕಥೆ ಪೂರ್ತಿ ಹೇಳಿಬಿಡುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಅರವತ್ತು ವರ್ಷದ ಸಿನಿಮಾದಲ್ಲಿ ಮುಚ್ಚಿಡುವುದು ಏನಿಲ್ಲ, ಇದು ಕೊನೆ ಗೊತ್ತಿದ್ದರೂ ನೋಡಿಸಿಕೊಂಡು ಹೋಗುವ ಸಿನಿಮಾ.

ಎಡ್ಡಿಗೆ ಇರುವ ಆಸೆ ಒಂದೇ. ಮಿನೆಸೋಟ ಫ್ಯಾಟ್ಸ್ ಎಂಬ ದೊಡ್ಡ ಆಟಗಾರನನ್ನು ಸೋಲಿಸಬೇಕು. ಎಡ್ಡಿಯಾಗಿ ಪಾಲ್ ನ್ಯೂಮನ್, ಫ್ಯಾಟ್ಸ್ ಆಗಿ ಜಾಕಿ ಗ್ಲೀಸನ್. ಫ್ಯಾಟ್ಸ್ ಆಡುವ ಪೂಲ್ ಹಾಲ್‌ಗೆ ಇವರು ಬರುವಾಗ ಎಡ್ಡಿ ದೇವಸ್ಥಾನದ ಒಳಗೆ ಬಂದವನಂತೆ ಸುತ್ತಲೂ ನೋಡುತ್ತಾನೆ. ಚಾರ್ಲಿಗೆ ಅದೇ ಜಾಗ ಹೆಣ ಇಡುವ ಕೋಣೆಯ ಹಾಗೆ ಕಾಣುತ್ತದೆ. ಆಟ ಶುರುವಾಗುತ್ತದೆ. ಒಂದು ಹಗಲು ಒಂದು ರಾತ್ರಿ ಮೀರಿದರೂ ಮುಗಿಯುವುದಿಲ್ಲ. ಎಡ್ಡಿ 18,000 ಡಾಲರ್ ಮುಂದೆ ಇರುತ್ತಾನೆ. ಸಾಕು, ಎದ್ದು ಹೋಗೋಣ ಎಂದು ಚಾರ್ಲಿ ಗೋಗರೆಯುತ್ತಾನೆ. ಎಡ್ಡಿ ಏಳುವುದಿಲ್ಲ. ಫ್ಯಾಟ್ಸ್ ತನ್ನ ಬಾಯಿಂದಲೇ ಸೋತೆ ಎನ್ನಬೇಕು, ಅಲ್ಲಿಯವರೆಗೆ ಆಟ ಮುಗಿದ ಹಾಗಲ್ಲ ಎಂಬುದು ಅವನ ಹಟ.

ಇಲ್ಲೊಂದು ದೃಶ್ಯ ಇದೆ, ಅದನ್ನು ನಾವು ಎಷ್ಟು ಸಲ ಹಿಂದಕ್ಕೆ ಎಳೆದು ನೋಡಿದೆವೋ ಲೆಕ್ಕವಿಲ್ಲ. ಆಟದ ನಡುವೆ ಫ್ಯಾಟ್ಸ್ ಎದ್ದು ಹೋಗಿ ಮುಖ ಕೈ ತೊಳೆಯುತ್ತಾನೆ. ತಲೆ ಬಾಚುತ್ತಾನೆ. ಕೈಗೆ ಪೌಡರ್ ಹಚ್ಚಿಕೊಳ್ಳುತ್ತಾನೆ. ಕೋಟು ಹಾಕಿಕೊಂಡು, ಈಗಷ್ಟೇ ಮನೆಯಿಂದ ಹೊರಟವನ ಹಾಗೆ ಬಂದು ನಿಲ್ಲುತ್ತಾನೆ. ಆ ಕಡೆ ಎಡ್ಡಿ ಅಂಗಿ ಬಿಚ್ಚಿದ ಹಾಗೆ, ಕುಡಿದ ಅಮಲಿನಲ್ಲಿ, ಫ್ಯಾಟ್ಸ್‌ನನ್ನು ನೋಡಿ ನಗುತ್ತ ಕುಸಿದು ಕೂತಿದ್ದಾನೆ. ಇಬ್ಬರಲ್ಲಿ ಯಾರ ಕೈ ಚುರುಕು ಎಂದರೆ ಎಡ್ಡಿಯದೇ. ಆದರೆ ಆಟ ಅಲ್ಲಿಗೆ ಮುಗಿಯಿತು ಎಂದು ನೋಡುವ ನಮಗೂ ಗೊತ್ತಾಗುತ್ತದೆ. ಬೆಳಗಾಗುವುದರೊಳಗೆ ಎಡ್ಡಿಯ ಬಳಿ ಉಳಿಯುವುದು 200 ಡಾಲರ್.

ಇಷ್ಟೇ ಆಗಿದ್ದರೆ ಅತಿಯಾಸೆ ಗತಿಗೇಡು ಎಂಬ ಗಾದೆಗೆ ಒಂದು ಕಥೆಯಾಗುತ್ತಿತ್ತು. ಇದು ಬೇರೆ ಸಿನಿಮಾ ಆಗುವುದು ಅದೇ ಕೋಣೆಯ ಮೂಲೆಯಲ್ಲಿ ಕೂತ ಇನ್ನೊಬ್ಬನಿಂದ. ಹೆಸರು ಬರ್ಟ್ ಗಾರ್ಡನ್. ನಟ ಜಾರ್ಜ್ ಸಿ. ಸ್ಕಾಟ್. ಸಾಲಾಗಿ ಕೂತು ನೋಡುವವರ ನಡುವೆ, ಎಲ್ಲರೂ ವಿಸ್ಕಿ ಕುಡಿಯುವ ಜಾಗದಲ್ಲಿ ಹಾಲು ಕುಡಿಯುತ್ತ, ಇವನು ಆಟ ನೋಡುವುದಿಲ್ಲ, ಆಡುವವರನ್ನು ನೋಡುತ್ತಾನೆ. ಎಡ್ಡಿ ಇನ್ನೂ ಗೆಲ್ಲುತ್ತಿರುವಾಗಲೇ ಅವನು ಸೋಲುವ ಜಾತಿ ಎಂದು ಫ್ಯಾಟ್ಸ್‌ಗೆ ಹೇಳಿ ಧೈರ್ಯ ತುಂಬುತ್ತಾನೆ. ಫ್ಯಾಟ್ಸ್ ಹಿಂದೆ ದುಡ್ಡು ಹಾಕಿರುವವನು ಅವನೇ.

ಆಮೇಲೆ ಎಡ್ಡಿಗೂ ಅವನೇ ಬಲೆ ಬೀಸುತ್ತಾನೆ. ಷರತ್ತು ಏನು ಗೊತ್ತೆ? ನೂರಕ್ಕೆ 75 ಬರ್ಟ್‌ಗೆ, 25 ಎಡ್ಡಿಗೆ. ಎಡ್ಡಿ ಮೊದಲು ಒಪ್ಪುವುದಿಲ್ಲ. ಬಂದರಿನ ಬಳಿಯ ಒಂದು ಪೂಲ್ ಹಾಲ್‌ನಲ್ಲಿ ತನ್ನ ಕೈಚಳಕ ಹೆಚ್ಚೇ ತೋರಿಸಿಬಿಟ್ಟಾಗ ಅಲ್ಲಿನವರು ಅವನನ್ನು ಹಿಡಿದು ಎರಡೂ ಹೆಬ್ಬೆರಳು ಮುರಿಯುತ್ತಾರೆ. ಅಷ್ಟಾದ ಮೇಲೆ ಅದೇ 75-25ಕ್ಕೆ ತಲೆ ಬಾಗಿಸುತ್ತಾನೆ.

ನಮ್ಮ ಕಡೆಯ ಓದುಗರಿಗೆ ಈ 75-25ರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮಗಳ ಫೀಸಿಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡು, ಜನವರಿಯಲ್ಲಿ ಕಾಫಿ ಕೊಯ್ದು ಅವರು ಹೇಳಿದ ರೇಟಿಗೆ ಅಳೆದು ಕೊಟ್ಟವರು ಎಷ್ಟು ಜನ ಇಲ್ಲ! ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದವರ ಕಥೆಯೂ ಅಷ್ಟೇ. ಬೀಜಕ್ಕೆ ದುಡ್ಡು ಒಬ್ಬರದ್ದು, ಮೈ ಒಬ್ಬರದ್ದು. 60 ಕಿಲೋ ಚೀಲದ ರೇಟು ಏರಿದ ವರ್ಷ ಬೈಕು, ಇಳಿದ ವರ್ಷ, ಇಲ್ಲ ಕೊಳೆರೋಗ ಬಂದ ವರ್ಷ, ಬೈಕೂ ಇಲ್ಲ ಗದ್ದೆಯೂ ಇಲ್ಲ. ಶುಂಠಿಯನ್ನು ಲಾಟರಿ ಎಂದು ನಾವೇ ಕರೆಯುತ್ತೇವೆ. ಆದರೆ ಆ ಲಾಟರಿಯಲ್ಲಿ ಪ್ರತಿ ವರ್ಷವೂ ಗೆಲ್ಲುವವನು ಒಬ್ಬ ಇರುತ್ತಾನೆ ಎಂಬುದನ್ನು ಯಾಕೋ ಜೋರಾಗಿ ಹೇಳುವುದಿಲ್ಲ.

ಇದು ಸಾಲಗಾರರ ಮೇಲೆ ಕನಿಕರ ತೋರುವ ಸಿನಿಮಾ ಎಂದುಕೊಂಡರೆ ತಪ್ಪು. ಎಡ್ಡಿ ಪಾಪದವನೇನಲ್ಲ, ಮೋಸಗಾರನೇ. ಚಾರ್ಲಿಯನ್ನು ಅವನು ನಡೆಸಿಕೊಳ್ಳುವ ರೀತಿ ನೋಡಿದರೆ ಎರಡು ಬಾರಿಸಬೇಕು ಅನ್ನಿಸುತ್ತದೆ. ಚಾರ್ಲಿಗೆ ಆರು ಮೇಜಿನ ಒಂದು ಸಣ್ಣ ಪೂಲ್ ಹಾಲ್ ಇಟ್ಟುಕೊಂಡು ಕಾಲ ಕಳೆಯುವ ಕನಸು, ಅದನ್ನು ಎಡ್ಡಿ ಹಂಗಿಸುತ್ತಾನೆ. ಹಾಗೆಂದು ಚಾರ್ಲಿಯೂ ತನ್ನ ಪಾಲು ಎಂದು 1,500 ಡಾಲರ್ ಬೇರೆ ಎತ್ತಿಟ್ಟುಕೊಂಡಿದ್ದವನೇ. ಯಾರೂ ಸಾಚಾ ಅಲ್ಲ. ಆದರೆ ಚಾರ್ಲಿಗೂ ಬರ್ಟ್‌ಗೂ ಇರುವ ವ್ಯತ್ಯಾಸ ನೋಡಿ. ಚಾರ್ಲಿಗೆ ದುಡ್ಡು ಸಾಕು. ಬರ್ಟ್‌ಗೆ ದುಡ್ಡಿನ ಜತೆಗೆ ಆಡುವವನ ತಲೆಯೊಳಗೂ ಜಾಗ ಬೇಕು. ನೀನು ಯಾರು, ನಿನ್ನ ಯೋಗ್ಯತೆ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಬೇಕು.

ಸಾರಾ ಎಂಬ ಹೆಣ್ಣಿನ ವಿಷಯಕ್ಕೆ ಬರೋಣ. ಪೈಪರ್ ಲಾರಿ ಮಾಡಿರುವ ಪಾತ್ರ. ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಎಡ್ಡಿಗೆ ಸಿಗುತ್ತಾಳೆ. ಪೋಲಿಯೊದಿಂದ ಒಂದು ಕಾಲು ಎಳೆಯುತ್ತದೆ, ಕುಡಿಯುತ್ತಾಳೆ, ಓದುತ್ತಾಳೆ, ಬರೆಯುತ್ತಾಳೆ. ಎಡ್ಡಿಯ ಕೈಗೆ ಪ್ಲಾಸ್ಟರ್ ಹಾಕಿದ ದಿನಗಳಲ್ಲಿ ಅವನ ಅಂಗಿ ಗುಂಡಿ ಹಾಕುವವಳು ಅವಳೇ.

ಆ ದಿನಗಳಲ್ಲೊಂದು ಮಧ್ಯಾಹ್ನ ಇಬ್ಬರೂ ಊರ ಹೊರಗೆ ಹುಲ್ಲಿನ ಮೇಲೆ ಕೂತಿರುತ್ತಾರೆ. ಇಡೀ ಸಿನಿಮಾದಲ್ಲಿ ಬಯಲು, ಗಾಳಿ, ಮರ ಕಾಣುವುದು ಇಲ್ಲೇ ಹೆಚ್ಚು. ಆಟ ಕೈಗೆ ಹತ್ತಿದಾಗ ಹೇಗನ್ನಿಸುತ್ತದೆ ಎಂದು ಎಡ್ಡಿ ಅವಳಿಗೆ ಹೇಳುತ್ತಾನೆ. ಕೋಲು ಕೋಲಾಗಿ ಉಳಿಯುವುದಿಲ್ಲ, ಕೈಯದೇ ಭಾಗವಾಗುತ್ತದೆ, ಅದರೊಳಗೂ ನರ ಹರಿದ ಹಾಗೆ ಆಗುತ್ತದೆ ಎನ್ನುತ್ತಾನೆ. ಮಾಡುವವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿದ್ದರೆ ಯಾವ ಕೆಲಸವೂ ದೊಡ್ಡದಾಗಬಹುದು, ಇಟ್ಟಿಗೆ ಕಟ್ಟುವುದು ಕೂಡ, ಎನ್ನುತ್ತಾನೆ. ದುಡ್ಡಿನ ಮಾತೇ ಬರುವುದಿಲ್ಲ. ಸಾರಾ ಅದನ್ನು ಕೇಳಿ, ಈ ಅನುಭವ ಇರುವವನು ಸೋತವನಾಗುವುದು ಹೇಗೆ ಎಂಬರ್ಥದ ಮಾತಾಡುತ್ತಾಳೆ. ಬರ್ಟ್ ಹಚ್ಚಿದ್ದ ಹಣೆಪಟ್ಟಿಯನ್ನು ಅವಳು ಆ ಹುಲ್ಲಿನ ಮೇಲೆ ಕಿತ್ತು ಹಾಕುತ್ತಾಳೆ.

ನಮಗೆ ಈ ಸಿನಿಮಾ ಇಷ್ಟವಾಗಲು ಮುಖ್ಯ ಕಾರಣ ಈ ದೃಶ್ಯ. ಮರಗಸಿಗೆ ಬರುವವರನ್ನು ನೀವೆಲ್ಲ ನೋಡಿದ್ದೀರಿ. ನೆರಳಿನ ಮರದ ತುದಿಗೆ ಹತ್ತಿ, ಕೆಳಗಿನ ಕಾಫಿ ಗಿಡದ ಒಂದು ರೆಕ್ಕೆ ಮುರಿಯದ ಹಾಗೆ, ಕೊಂಬೆಯನ್ನು ಬೇಕಾದ ಕಡೆಗೇ ಬೀಳಿಸುತ್ತಾರೆ. ಯಾವ ಕೊಂಬೆ ಬಿಡಬೇಕು, ಯಾವುದು ತೆಗೆಯಬೇಕು, ಎಷ್ಟು ಬಿಸಿಲು ಕೆಳಗಿಳಿಯಬೇಕು ಎಂಬ ಲೆಕ್ಕ ಕತ್ತಿ ಹಿಡಿದ ಕೈಯಲ್ಲೇ ಇರುತ್ತದೆ. ಒಂಟಿ ಬಿದಿರಿನ ಏಣಿ ಮೇಲೆ ನಿಂತು ಮೆಣಸು ಕೊಯ್ಯುವವರದ್ದೂ ಅಂಥದೇ ಲೆಕ್ಕ. ಸಂಜೆ ರೈಟರ್ ಪುಸ್ತಕದಲ್ಲಿ ಅದು ಒಂದು ಆಳು, ಇಷ್ಟು ಕೂಲಿ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಆ ಕೆಲಸ ದೊಡ್ಡದು ಎಂದು ಹೇಳುವುದಕ್ಕೆ ನಮ್ಮ ಸುದ್ದಿ ಭಾಷೆಯಲ್ಲಿ ಜಾಗವೇ ಇಲ್ಲ. ಎಡ್ಡಿಯ ಮಾತಿನಲ್ಲಿ ಇದೆ.

ಮುಂದಿನದು ನೋಡಲು ಕಷ್ಟ. ಕುದುರೆ ರೇಸಿನ ಸಮಯಕ್ಕೆ ಬರ್ಟ್ ಎಡ್ಡಿಯನ್ನು ಕೆಂಟಕಿಯ ಲೂಯಿವಿಲ್‌ಗೆ ಕರೆದೊಯ್ಯುತ್ತಾನೆ. ಸಾರಾ ಜತೆಗೆ ಹೋಗುತ್ತಾಳೆ. ಅಲ್ಲೊಬ್ಬ ಶ್ರೀಮಂತನ ಮನೆಯಲ್ಲಿ ಆಟ. ಎಡ್ಡಿ ಸೋಲುತ್ತಾನೆ, ಇನ್ನೊಂದು ಅವಕಾಶಕ್ಕೆ ದುಡ್ಡು ಕೊಡು ಎಂದು ಬರ್ಟ್ ಮುಂದೆ ಬೇಡುತ್ತಾನೆ. ಬೇಡಬೇಡ, ಈ ಮನುಷ್ಯ ನಿನ್ನನ್ನು ಮುರಿಯುತ್ತಾನೆ ಎಂದು ಸಾರಾ ಹೇಳಿದರೆ ಅವಳನ್ನೇ ಗದರುತ್ತಾನೆ. ಆಮೇಲೆ 12,000 ಡಾಲರ್ ಗೆಲ್ಲುತ್ತಾನೆ. ಅದೇ ರಾತ್ರಿ ಹೋಟೆಲ್‌ನಲ್ಲಿ ಬರ್ಟ್ ಅವಳನ್ನು ಅವಮಾನದ ತುದಿಗೆ ತಳ್ಳುತ್ತಾನೆ. ಎಡ್ಡಿ ನಡೆದುಕೊಂಡು ವಾಪಸು ಬರುವ ಹೊತ್ತಿಗೆ ಸಾರಾ ಜೀವ ಕಳೆದುಕೊಂಡಿರುತ್ತಾಳೆ.

ಇಲ್ಲಿ ನಮ್ಮದೊಂದು ತಕರಾರಿದೆ. ಗಂಡಿಗೆ ಬುದ್ಧಿ ಬರಲೆಂದು ಹೆಣ್ಣನ್ನು ಸಾಯಿಸುವ ಚಾಳಿ ಎಲ್ಲ ದೇಶದ ಸಿನಿಮಾದಲ್ಲೂ ಇದೆ, ಇದರಲ್ಲೂ ಇದೆ. ಎಲ್ಲರಿಗಿಂತ ಮೊದಲು ಬರ್ಟ್‌ನನ್ನು ಗುರುತಿಸಿದವಳು ಸಾರಾ. ಅಷ್ಟು ತಿಳಿದವಳಿಗೆ ಕಥೆಯಲ್ಲಿ ಬದುಕುವ ದಾರಿ ಸಿಗಲಿಲ್ಲ. ಆದರೂ ಪೈಪರ್ ಲಾರಿ ಅವಳನ್ನು ಪಾಪದ ಹೆಣ್ಣು ಮಾಡದೆ ಕೊನೆಯವರೆಗೂ ನೆಟ್ಟಗೆ ನಿಲ್ಲಿಸಿದ್ದಾರೆ. ನಮ್ಮ ಊರುಗಳಲ್ಲಿ ಗಂಡನೋ ಮಗನೋ ಫೋನ್‌ನಲ್ಲಿ ರಮ್ಮಿ ಆಡಿ ಮಾಡಿದ ಸಾಲಕ್ಕೆ ಸಂಘದಲ್ಲಿ ಸಾಲ ಎತ್ತಿ ವಾರದ ಕಂತು ಕಟ್ಟುವ ಹೆಂಗಸರಿದ್ದಾರೆ. ಅವರನ್ನು ಕೇಳಿ, ದುಡ್ಡು ಕೊಟ್ಟವನು ಯಾರು, ಯಾವ ಆ್ಯಪು, ಎಷ್ಟು ಸಲ ಫೋನ್ ಬಂತು ಎಲ್ಲ ಹೇಳುತ್ತಾರೆ. ಪೊಲೀಸರ ಪ್ರಕಟಣೆಗಿಂತ ಅವರಿಗೆ ಹೆಚ್ಚು ಗೊತ್ತು. (ಸಾಲದ ಕಾಟಕ್ಕೆ ಮನಸ್ಸು ಕೆಟ್ಟವರು ಯಾರಾದರೂ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.)

ರಮ್ಮಿ ಎಂದ ಕೂಡಲೇ ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಜಗಳ ಬರುತ್ತದೆ. ನಮ್ಮ ಕೋರ್ಟುಗಳು ದಶಕಗಳಿಂದ ಅದನ್ನೇ ಕೇಳುತ್ತ ಬಂದಿವೆ. ರಮ್ಮಿಯಲ್ಲಿ ಮುಖ್ಯವಾಗಿ ಕೌಶಲವೇ ಇದೆ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಪಾಸು ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟವೇ ಬೇಡ ಎಂದಿತು.

'ದಿ ಹಸ್ಲರ್' ಈ ಜಗಳವನ್ನು ಅರವತ್ತು ವರ್ಷ ಮೊದಲೇ ಬೇರೆ ಕಡೆ ತಿರುಗಿಸಿತ್ತು ಎಂಬುದು ನಮ್ಮ ವಾದ. ಪೂಲ್‌ನಲ್ಲಿ ಅದೃಷ್ಟಕ್ಕೆ ಬಹಳ ಜಾಗವಿಲ್ಲ, ಅದು ಕೈ ಮತ್ತು ಕಣ್ಣಿನ ಆಟ. ಎಡ್ಡಿಯ ಕೌಶಲದ ಬಗ್ಗೆ ಸಿನಿಮಾದಲ್ಲಿ ಯಾರಿಗೂ, ಬರ್ಟ್‌ಗೂ, ಅನುಮಾನವಿಲ್ಲ. ಆದರೂ ಅವನು ಹಾಳಾಗುತ್ತಾನೆ. ಆಟ ಕೌಶಲದ್ದಾದ ಮಾತ್ರಕ್ಕೆ ಆಡುವವನು ಉಳಿಯುತ್ತಾನೆ ಎಂದೇನಿಲ್ಲ. ಆಟ ಯಾವುದು ಎಂದು ಕೇಳುವ ಮೊದಲು, ಈ ಆಟ ನಿಲ್ಲದಿದ್ದರೆ ಯಾರಿಗೆ ಲಾಭ ಎಂದು ಕೇಳಬೇಕಿತ್ತು. ಚಾರ್ಲಿ ಎದ್ದು ಬಾ ಎನ್ನುವಾಗ ಆ ಕೋಣೆಯಲ್ಲಿ ಯಾರಿಗೆ ಎಡ್ಡಿ ಕೂತಿರುವುದು ಬೇಕಿತ್ತು ಎಂದು ನೋಡಿ, ಸಾಕು.

ಹಾಗಾದರೆ ಆಟಕ್ಕೆ ದುಡ್ಡು ಹಾಕುವವರೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ನಮ್ಮಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುವುದೇ ಪ್ರಾಯೋಜಕರಿಂದ. ಆದರೆ ಮೇಜು ಯಾರದ್ದು ಎಂಬುದರಿಂದ ಬಹಳ ಬದಲಾಗುತ್ತದೆ.

ಬಿಲಿಯರ್ಡ್ಸ್ ಮೇಜು ನಮ್ಮ ಬೆಟ್ಟಗಳಿಗೆ ಬಂದದ್ದು ಕಾಫಿಯ ಜತೆಗೆ. ಬ್ರಿಟಿಷ್ ಪ್ಲಾಂಟರುಗಳು ಹೋದಲ್ಲೆಲ್ಲ ಒಂದು ಕ್ಲಬ್ ಕಟ್ಟಿಕೊಂಡರು. ಸಕಲೇಶಪುರದ ಮಂಜರಾಬಾದ್ ಕ್ಲಬ್ 19ನೇ ಶತಮಾನದ ಕೊನೆಯಲ್ಲಿ ಹುಟ್ಟಿದ್ದು ಹಾಗೆ. ಸ್ನೂಕರ್ ಎಂಬ ಆಟ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯದ ಅಧಿಕಾರಿಗಳ ನಡುವೆ. ಅದರ ನಿಯಮ ಗಟ್ಟಿಯಾದದ್ದು ಊಟಿ ಕ್ಲಬ್‌ನಲ್ಲಿ. ಈ ಕ್ಲಬ್‌ಗಳಲ್ಲಿ ಮಾರ್ಕರ್ ಎಂಬ ಕೆಲಸ ಇರುತ್ತದೆ. ಮೇಜು ಒರೆಸಿ, ಚೆಂಡು ಜೋಡಿಸಿ, ಪಾಯಿಂಟು ಕೂಗುವ ಕೆಲಸ. ಸದಸ್ಯರಿಲ್ಲದ ಹೊತ್ತಿನಲ್ಲಿ ಆಡಿ ಆಡಿ ಸದಸ್ಯರಿಗಿಂತ ಚೆನ್ನಾಗಿ ಕಲಿತ ಮಾರ್ಕರುಗಳು ದೇಶದ ಎಲ್ಲ ಕ್ಲಬ್‌ಗಳಲ್ಲೂ ಇದ್ದರು. ಆಟ ಅವರದ್ದು, ಮೇಜು ಅವರದ್ದಲ್ಲ.

ಇನ್ನೊಂದು ತರಹದ ಕಥೆಯೂ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನಲ್ಲಿ ಸರ್ಕಾರಿ ಕಚೇರಿಯ ಟೈಪಿಸ್ಟ್ ಆಗಿದ್ದ ಆರ್. ಉಮಾದೇವಿ ನೌಕರರ ಕ್ಲಬ್‌ನಲ್ಲಿ ಕೋಲು ಹಿಡಿದವರು. 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ ಅರವಿಂದ ಸಾವೂರ್ ಅವರ ಬಳಿ ಕಲಿತು, 2003ರಲ್ಲಿ ವಿಶ್ವ ಸ್ನೂಕರ್ ಪಟ್ಟ ಗೆದ್ದು, ಆಮೇಲೆ 2006 ಮತ್ತು 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು, 2018ರಲ್ಲಿ ಪದ್ಮಭೂಷಣ ಪಡೆದರು. ಇಬ್ಬರೂ ಕಷ್ಟಪಟ್ಟವರೇ. ಆದರೆ ಅವರಿಗೆ ಸಿಕ್ಕ ಮೇಜಿನ ಹಿಂದೆ ಒಂದು ಸಂಸ್ಥೆ, ಒಂದು ಕ್ಲಬ್, ಒಬ್ಬ ಗುರು ಇದ್ದರು. ಸೋತರೆ ಮನೆಗೆ ಹೋಗಿ ಮಲಗಬಹುದಿತ್ತು, ಹೆಬ್ಬೆರಳಿಗೆ ಅಪಾಯವಿರಲಿಲ್ಲ.

ಹಾನುಬಾಳಿಗೆ ಯಾರೂ ಸ್ನೂಕರ್ ಮೇಜು ತಂದು ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ನಾವು ಕೇಳುವುದು ಒಂದು ಕ್ಯಾರಂ ಬೋರ್ಡು. ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. ಮಳೆಗಾಲದ ಮೂರು ತಿಂಗಳು ಅಲ್ಲೊಂದು ಒಳ್ಳೆಯ ಬೋರ್ಡು, ಒಂದು ದೀಪ, ರಾತ್ರಿ ಎಂಟರವರೆಗೆ ತೆರೆದ ಬಾಗಿಲು ಇದ್ದರೆ, ಅಂಗಡಿ ಶೀಟಿನಡಿ ಆಟಕ್ಕೆ ಐವತ್ತು ನೂರು ಎಂದು ಶುರುವಾಗುವುದರಲ್ಲಿ ಅರ್ಧ ಅಲ್ಲೇ ನಿಲ್ಲುತ್ತದೆ. ಆನೆ ಓಡಾಡುವ ದಾರಿಯಲ್ಲಿ ಕತ್ತಲೆಗೆ ಮಕ್ಕಳನ್ನು ಕಳಿಸುವುದು ಹೇಗೆ ಎಂಬ ಪ್ರಶ್ನೆ ಇದೆ, ಗೊತ್ತು. ಅಂಗಡಿಗೆ ಹೋಗುವ ದಾರಿಯಲ್ಲೂ ಆನೆ ಇದೆಯಲ್ಲ.

ಮತ್ತೆ ಸಿನಿಮಾಕ್ಕೆ. ಕಪ್ಪು ಬಿಳುಪು ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ನಮ್ಮ 'ಕಸ್ತೂರಿ ನಿವಾಸ' 1971ರದ್ದು, 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಜನ ಮುಗಿಬಿದ್ದು ನೋಡಿದರು, ಸಂತೋಷ. ಆದರೆ ನಮಗೆ ಇವತ್ತಿಗೂ ಹಳೆಯದೇ ಇಷ್ಟ. 'ದಿ ಹಸ್ಲರ್'ಗೆ ಬಣ್ಣ ಹಚ್ಚಿದರೆ ಹಸಿರು ಬಟ್ಟೆ, ಕೆಂಪು ಹಳದಿ ಚೆಂಡು ಕಣ್ಣಿಗೆ ಹಬ್ಬವಾಗಿ ಮುಖಗಳು ಕಾಣದೇ ಹೋಗುತ್ತವೆ. ಛಾಯಾಗ್ರಾಹಕ ಯೂಜೆನ್ ಶುಫ್ತಾನ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದವರು. ಈ ಚಿತ್ರಕ್ಕೆ ಅವರಿಗೆ ಆಸ್ಕರ್ ಬಂತು. ಹೊಗೆ, ಮೇಜಿನ ಮೇಲಷ್ಟೇ ಬೀಳುವ ದೀಪ, ಅದರಾಚೆ ಅರೆಗತ್ತಲಲ್ಲಿ ಕೂತ ಜನ. ಜುಲೈ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ನಮಗೆ ಆ ಬೆಳಕು ಚೆನ್ನಾಗಿ ಗೊತ್ತು. ಪರದೆ ಬಹಳ ಅಗಲದ್ದು, ಉದ್ದ ಮೇಜು ಪೂರ್ತಿ ಕಾಣಲೆಂದು. ಹಾಗಾಗಿ ಫೋನ್ ಅಡ್ಡ ಹಿಡಿದೇ ನೋಡಿ. ಹೊಡೆತಗಳಲ್ಲಿ ಸುಳ್ಳಿಲ್ಲ. ವಿಶ್ವ ಚಾಂಪಿಯನ್ ವಿಲ್ಲಿ ಮಾಸ್ಕೋನಿ ನ್ಯೂಮನ್‌ಗೆ ಆಟ ಕಲಿಸಿದರು, ಕಷ್ಟದ ಹೊಡೆತಗಳನ್ನು ತಾವೇ ಹೊಡೆದರು. ಗ್ಲೀಸನ್ ತಮ್ಮ ಹೊಡೆತಗಳನ್ನು ಬಹುಪಾಲು ತಾವೇ ಹೊಡೆದಿದ್ದಾರೆ, ಅವರು ನಿಜವಾಗಿಯೂ ಒಳ್ಳೆಯ ಆಟಗಾರ.

ಒಂಬತ್ತು ಆಸ್ಕರ್ ನಾಮನಿರ್ದೇಶನ ಬಂದವು, ಗೆದ್ದದ್ದು ಎರಡು. ಬರ್ಟ್ ಪಾತ್ರ ಮಾಡಿದ ಸ್ಕಾಟ್ ಅವರಂತೂ ತಮ್ಮನ್ನು ಆ ಸ್ಪರ್ಧೆಯಿಂದಲೇ ಬಿಡಿ ಎಂದು ಹೇಳಿದ್ದರು. ಪರರ ಪಂದ್ಯದ ಮೇಲೆ ಬದುಕುವವನ ಪಾತ್ರ ಮಾಡಿದವರು ತಾವು ಪಂದ್ಯಕ್ಕೆ ನಿಲ್ಲಲು ಒಪ್ಪಲಿಲ್ಲ!

ನಿರ್ದೇಶಕ ರಾಸನ್ ಅವರ ಬದುಕಿನ ಒಂದು ಸಂಗತಿಯನ್ನು ಬಿಡುವ ಹಾಗಿಲ್ಲ. ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕೆಲಸ ತಪ್ಪಿಸುತ್ತಿದ್ದ ಕಾಲ ಅದು. ಒಂದು ಕಾಲಕ್ಕೆ ಪಕ್ಷದ ಸದಸ್ಯರಾಗಿದ್ದ ರಾಸನ್ 1951ರಲ್ಲಿ ಸಂಸತ್ ಸಮಿತಿಯ ಮುಂದೆ ಯಾರ ಹೆಸರನ್ನೂ ಹೇಳಲಿಲ್ಲ. ಕೆಲಸ ನಿಂತಿತು. 1953ರಲ್ಲಿ ಮತ್ತೆ ಹೋಗಿ ಹಳೆಯ ಸಂಗಾತಿಗಳ ಐವತ್ತಕ್ಕೂ ಹೆಚ್ಚು ಹೆಸರು ಕೊಟ್ಟರು. ಕೆಲಸ ಮತ್ತೆ ಸಿಕ್ಕಿತು. ಅವರನ್ನು ತೀರ್ಪು ಮಾಡಲು ನಾವು ಯಾರೂ ಅಲ್ಲ. ಆದರೆ ಕೆಲಸ ಬೇಕೆಂದರೆ ಯಾರಿಗೆ ಏನು ಕೊಡಬೇಕಾಗುತ್ತದೆ ಎಂಬುದು ಪುಸ್ತಕ ಓದಿ ತಿಳಿದದ್ದಲ್ಲ ಅವರಿಗೆ. ಎಡ್ಡಿ ಕೊನೆಗೆ ಹೇಳುವ ಮಾತನ್ನು ಬರೆಸಿದ್ದು ಅದೇ ಇರಬಹುದು ಎಂಬುದು ನಮ್ಮ ಅಂದಾಜು.

ಆ ಕೊನೆ ಹೀಗಿದೆ. ಎಡ್ಡಿ ವಾಪಸು ಬರುತ್ತಾನೆ, ಅದೇ ಹಾಲ್, ಅದೇ ಫ್ಯಾಟ್ಸ್. ಈ ಸಲ ಕುಡಿದಿಲ್ಲ, ನಗುವುದಿಲ್ಲ, ಗೆಲ್ಲುತ್ತಾನೆ. ಫ್ಯಾಟ್ಸ್ ತಾನಾಗಿಯೇ ಸೋಲು ಒಪ್ಪುತ್ತಾನೆ. ಬರ್ಟ್ ತನ್ನ ಪಾಲು ಕೇಳುತ್ತಾನೆ. ಕೊಡದಿದ್ದರೆ ಮತ್ತೆ ಹೆಬ್ಬೆರಳು, ಈ ಸಲ ತೋಳು ಕೂಡ. ಕೊಟ್ಟರೆ ಸಾರಾ ಬದುಕೇ ಇರಲಿಲ್ಲ ಎಂದ ಹಾಗಾಗುತ್ತದೆ, ಕೊಡುವುದಿಲ್ಲ ಎನ್ನುತ್ತಾನೆ ಎಡ್ಡಿ. ಬರ್ಟ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಗು, ಆದರೆ ದೊಡ್ಡ ಪೂಲ್ ಹಾಲ್‌ಗಳಿಗೆ ಮತ್ತೆ ಕಾಲಿಡಬೇಡ ಎನ್ನುತ್ತಾನೆ. ಅಂದರೆ ಆಡುವವನು ಆಟವನ್ನೇ ಬಿಟ್ಟು ಹೊರಡಬೇಕು. ಎಡ್ಡಿ ಫ್ಯಾಟ್ಸ್ ಕಡೆ ತಿರುಗಿ ನಿನ್ನ ಆಟ ದೊಡ್ಡದು ಎನ್ನುತ್ತಾನೆ, ಫ್ಯಾಟ್ಸ್ ನಿನ್ನದೂ ಎನ್ನುತ್ತಾನೆ. ಫ್ಯಾಟ್ಸ್ ಮಾತ್ರ ಕುರ್ಚಿಯಿಂದ ಏಳುವುದಿಲ್ಲ. ಅವನ ಹಿಂದೆ ದುಡ್ಡು ಹಾಕಿದವನು ಇನ್ನೂ ಅಲ್ಲೇ ಕೂತಿದ್ದಾನೆ.

ಇದಕ್ಕೆ ಮುಂದಿನ ಭಾಗವೂ ಇದೆ, 'ದಿ ಕಲರ್ ಆಫ್ ಮನಿ', 1986ರದ್ದು, ಬಣ್ಣದ್ದು, ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶನ. ಪಾಲ್ ನ್ಯೂಮನ್‌ಗೆ ಆಸ್ಕರ್ ಸಿಕ್ಕಿದ್ದು ಅದರಲ್ಲಿ. ಅಲ್ಲಿ ಎಡ್ಡಿಗೆ ವಯಸ್ಸಾಗಿದೆ, ಕೋಲು ಬಿಟ್ಟಿದ್ದಾನೆ, ಮದ್ಯ ಮಾರುತ್ತಾನೆ, ಕೈ ಚುರುಕಿರುವ ಒಬ್ಬ ಹುಡುಗನನ್ನು ಕಂಡು ಅವನ ಹಿಂದೆ ದುಡ್ಡು ಹಾಕುತ್ತಾನೆ.